ಕೈಲ್ ಮುಹೂರ್ತದ ಗಾಳದ ಕೋಲು

ನಾನು ಒಂದು ಗಾಳದ ಕೋಲು. ಹಾಗೆಂದ ಕೂಡಲೇ ನಿಮ್ಮ ಕಣ್ಣ ಮುಂದೆ ಕೆರೆ ಏರಿಯ ಮೇಲೆ ಕೂತು, ಎರೆಹುಳು ಸಿಕ್ಕಿಸಿ, ಬೀಡಿ ಸೇದುತ್ತ ತೂಕಡಿಸುವವನ ಕೈಯ ಕಡ್ಡಿ ಬಂದಿರುತ್ತದೆ. ಅದು ನಾನಲ್ಲ. ನಾನು ಫ್ಲೈ ಕೋಲು. ನನ್ನ ದಾರದ ತುದಿಯಲ್ಲಿ ಎರೆಹುಳುವಿಲ್ಲ, ಸೀಸದ ಗುಂಡೂ ಇಲ್ಲ. ಕೋಳಿಗರಿ ಸುತ್ತಿ ಹಾರುವ ಹುಳುವಿನಂತೆ ಮಾಡಿದ ಒಂದು ಕೊಕ್ಕೆ ಇರುತ್ತದೆ, ಅದಕ್ಕೆ ಫ್ಲೈ ಎನ್ನುತ್ತಾರೆ. ಊದಿದರೆ ಹಾರಿಹೋಗುವಷ್ಟು ಹಗುರ. ಅದನ್ನು ದೂರಕ್ಕೆ ಎಸೆಯಲು ಆಗುವುದಿಲ್ಲ. ಎಸೆಯಬೇಕಾದ್ದು ದಾರವನ್ನು. ದಾರವನ್ನು ಮೊದಲು ಬೆನ್ನ ಹಿಂದಕ್ಕೆ ಬೀಸಬೇಕು. ಅದು ಅಲ್ಲಿ ಪೂರ್ತಿ ಬಿಚ್ಚಿಕೊಂಡು, ಅದರ ಭಾರಕ್ಕೆ ಕೋಲು ಬಗ್ಗಬೇಕು. ಬಗ್ಗಿದ ಕೋಲು ಸೆಟೆದು ನಿಲ್ಲುವಾಗ ದಾರ ಮುಂದಕ್ಕೆ ಹೋಗಿ ನೀರಿನ ಮೇಲೆ ಹಾಸಿಕೊಳ್ಳಬೇಕು. ಕೇಳುವುದಕ್ಕೆ ಸುಲಭವಾಗಿದೆ. ನನ್ನ ಆಯುಷ್ಯದಲ್ಲಿ ನನ್ನನ್ನು ಸರಿಯಾಗಿ ಬೀಸಿದವರನ್ನು ಎಣಿಸಲು ಒಂದು ಕೈಯ ಐದು ಬೆರಳೂ ಬೇಕಿಲ್ಲ, ಒಂದು ಬೆರಳು ಸಾಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತೇನೆ. ಬಹುವಚನ ಗಳಿಸಿದವರು ಯಾರೂ ನನ್ನನ್ನು ಹಿಡಿಯಲಿಲ್ಲ.

ನಾನು ಹುಟ್ಟಿದ್ದು ಕೊಡಗಿನ ಒಂದು ಕಾಫಿ ಎಸ್ಟೇಟಿನ ಬಡಗಿ ಶೆಡ್ಡಿನಲ್ಲಿ. ಹುಟ್ಟಿಸಿದವನು ಮಂಗಳೂರು ಕಡೆಯಿಂದ ಬಂದಿದ್ದ ಬಡಗಿ ಲಾದ್ರು. ಯಾವನೋ ದೊರೆ ಮುರಿದು ಬಿಸಾಡಿದ ಕೋಲೊಂದನ್ನು ಬಿಚ್ಚಿ ನೋಡಿ, ಅದರ ಹಾಗೆಯೇ ಬಿದಿರನ್ನು ಆರು ಸೀಳು ಮಾಡಿ, ಒಂದೊಂದನ್ನೂ ಮೂರು ಮೂಲೆ ಬರುವಂತೆ ಹತ್ತರಿ ಹೊಡೆದು, ಅಂಟು ಹಾಕಿ ಕೂಡಿಸಿ, ರೇಷ್ಮೆ ನೂಲಿನಲ್ಲಿ ಸುತ್ತಿ, ವಾರ್ನಿಶ್ ಬಳಿದ. ತುದಿಗೆ ಹೋಗುತ್ತಾ ಸೀಳುಗಳನ್ನು ತುಸು ಹೆಚ್ಚೇ ತೆಳುಮಾಡಿದ. ಹಾಗಾಗಿ ನಾನು ಮೆದು. ಹಿಡಿಯ ಹತ್ತಿರದವರೆಗೂ ಬಗ್ಗುತ್ತೇನೆ. ಲಾದ್ರುವನ್ನು ನಾನು ಹೊಗಳುತ್ತೇನೆ ಎಂದುಕೊಳ್ಳಬೇಡಿ. ಅವನಿಗೆ ಮಾಡಲು ಬರುತ್ತಿತ್ತು, ಬೀಸಲು ಬರುತ್ತಿರಲಿಲ್ಲ. ಅಂಗಳದಲ್ಲಿ ಪರೀಕ್ಷೆ ಮಾಡಲು ಹೋಗಿ ಕೊಕ್ಕೆಯನ್ನು ತನ್ನ ಅಂಗಿಯ ಬೆನ್ನಿಗೇ ಸಿಕ್ಕಿಸಿಕೊಂಡ. ಅವನ ಹೆಂಡತಿ ಬೈಯುತ್ತಾ ಬಂದು ಕತ್ತರಿಯಲ್ಲಿ ಬಿಡಿಸಿದಳು.

ನನ್ನ ಮೊದಲ ಯಜಮಾನ ಆ ಎಸ್ಟೇಟಿನ ಪೂಣಚ್ಚ. ಹೆಗಲ ಅಗಲ ನೋಡಿದರೆ ಎತ್ತು ನಾಚಬೇಕು, ಮೀಸೆಯೂ ಅದಕ್ಕೆ ತಕ್ಕಂತೆ ಇತ್ತು. ಹಂದಿ ಬೇಟೆಯಲ್ಲಿ ಹೆಸರು ಮಾಡಿದವನು. ಲಾದ್ರು ನನ್ನನ್ನು ಅವನ ಕೈಗೆ ಕೊಡುವಾಗ, "ಹಿಂದೆ ಬೀಸಿದ ಮೇಲೆ ಸ್ವಲ್ಪ ನಿಲ್ಲಬೇಕು ದೊರೆ, ಇದು ಅವಸರದ ಕೋಲು ಅಲ್ಲ" ಎಂದ. ಪೂಣಚ್ಚ ಕಾವೇರಿಯ ದಡದಲ್ಲಿ ನಿಂತು, ಕಾಡುಹಂದಿಯ ಬೆನ್ನಿಗೆ ದೊಣ್ಣೆ ಹಾಕುವ ಹಾಗೆ ನನ್ನನ್ನು ಬೀಸಿದ. ನನ್ನ ತುದಿ ಕುಸಿಯಿತು. ದಾರ ತನ್ನ ಹಾದಿಯನ್ನು ತಾನೇ ಅಡ್ಡ ಹಾದು, ನೂಪುಟ್ಟಿನ, ಅಂದರೆ ಒತ್ತು ಶ್ಯಾವಿಗೆಯ, ಹಾಗೆ ಮುದ್ದೆಯಾಗಿ ಅವನ ಕಾಲ ಬುಡದಲ್ಲಿ ಬಿತ್ತು. ಇನ್ನೂ ಜೋರಾಗಿ ಬೀಸಿದ. ಮುದ್ದೆ ಇನ್ನೂ ದೊಡ್ಡದಾಯಿತು. ಶಕ್ತಿ ಇರುವ ಗಂಡಸರ ಬುದ್ಧಿಯೇ ಇಷ್ಟು, ಒಂದು ಕೆಲಸ ಕೆಟ್ಟರೆ ಅದನ್ನೇ ಇನ್ನೂ ಬಲವಾಗಿ ಮಾಡುತ್ತಾರೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರಲ್ಲ, ಆ ಗಾದೆ ನನ್ನನ್ನು ನೋಡಿಯೇ ಕಟ್ಟಿದ್ದಿರಬೇಕು. ಕೊನೆಗೆ ಪೂಣಚ್ಚ, "ಬಿದಿರು ಸರಿ ಇಲ್ಲ" ಎಂದು ತೀರ್ಪು ಕೊಟ್ಟ. ಕುಣಿಯಲಾರದವಳಿಗೆ ನೆಲ ಯಾವತ್ತೂ ಡೊಂಕೇ.

ಅವನ ಗೋಡೆಯ ಮೇಲೆ ಕಡವೆಯ ಕೊಂಬಿನ ಪಕ್ಕ ನಾನು ಬಹಳ ವರ್ಷ ನೇತಾಡಿದೆ. ಮುಪ್ಪಿನಲ್ಲಿ ಅವನಿಗೆ ದಾನಬುದ್ಧಿ ಹುಟ್ಟಿತು. ತನಗೆ ಉಪಯೋಗವಿಲ್ಲದ್ದನ್ನೆಲ್ಲ ಗಾಳದವರ ಕ್ಲಬ್ಬಿಗೆ ದಾನ ಮಾಡಿದ, ಅದರಲ್ಲಿ ನಾನೂ ಒಬ್ಬ. ನನ್ನನ್ನು ಕೊಡುವಾಗ ಚಪ್ಪಾಳೆ ತಟ್ಟಿದರು.

ಆ ಕ್ಲಬ್ಬಿನ ವಿಷಯ ಸ್ವಲ್ಪ ಹೇಳಬೇಕು. ಕಾವೇರಿಯ ಒಂದಷ್ಟು ಉದ್ದದ ನೀರಿನಲ್ಲಿ ಗಾಳ ಹಾಕುವ ಹಕ್ಕು ಆ ಕ್ಲಬ್ಬಿಗಿತ್ತು. ಸದಸ್ಯರಲ್ಲದವರು ಅಲ್ಲಿ ಕೊಕ್ಕೆ ಅದ್ದುವ ಹಾಗಿಲ್ಲ. ಸದಸ್ಯರಾಗಬೇಕಾದರೆ ಪರೀಕ್ಷೆ. ಅದು ನಡೆಯುವುದು ಕೈಲ್ ಮುಹೂರ್ತದ ದಿನ. ಕೊಡವರು ಕೋವಿ, ಕತ್ತಿಗಳನ್ನು ಪೂಜೆ ಮಾಡುವ ಹಬ್ಬ ಅದು. ಗದ್ದೆಯ ನಾಟಿ ಶುರುವಾದಾಗಿನಿಂದ ಆಯುಧಗಳನ್ನು ಮನೆಯ ಪೂಜೆಯ ಕೋಣೆಯಲ್ಲಿ, ಅಂದರೆ ಕನ್ನಿಕೊಂಬರೆಯಲ್ಲಿ, ಇಟ್ಟುಬಿಡುತ್ತಾರೆ. ಹಬ್ಬದ ದಿನ ತೋಕ್ ಪೂ ಎನ್ನುವ ಕೆಂಪು ಹೂವು ಮುಡಿಸಿ ಹೊರಗೆ ತೆಗೆಯುವವರೆಗೆ ಯಾರೂ ಮುಟ್ಟುವುದಿಲ್ಲ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಹಂದಿ ಕರಿ, ಅಕ್ಕಿಯುಂಡೆ ಕಡಂಬುಟ್ಟಿನ ಊಟ. ನಮ್ಮ ಕ್ಲಬ್ಬಿನವರು ತಮ್ಮ ಕೋಲುಗಳೂ ಆಯುಧವೆಂದು ಭಾವಿಸಿ ಅವನ್ನೂ ಪೂಜೆಗೆ ಸೇರಿಸಿದ್ದರು. ಮೀನು ಹಿಡಿಯಲು ಬರದವರಿಗೆ ಇಂಥ ಭಾವನೆ ಜಾಸ್ತಿ.

ಪರೀಕ್ಷೆ ಕ್ಲಬ್ಬಿನ ಪಕ್ಕದ ಕೆರೆಯಲ್ಲಿ. ಬಾಳೆದಿಂಡಿನ ಮೇಲೆ ಒಂದು ಮೊರ ಕಟ್ಟಿ ತೇಲಿಬಿಡುತ್ತಾರೆ. ದಡದಲ್ಲಿ ನಿಂತು ಫ್ಲೈಯನ್ನು ಆ ಮೊರದೊಳಗೆ ಬೀಳಿಸಬೇಕು. ಮೂರು ಅವಕಾಶ. ಸ್ವಂತ ಕೋಲು ತರುವ ಹಾಗಿಲ್ಲ, ಕ್ಲಬ್ಬು ಕೊಟ್ಟದ್ದನ್ನೇ ಹಿಡಿಯಬೇಕು. ಕ್ಲಬ್ಬಿನಲ್ಲಿ ಇದ್ದದ್ದು ಎರಡು ಕೋಲು, ಒಂದು ಕಪ್ಪನೆಯ ಕಾರ್ಬನ್ ಕೋಲು, ಇನ್ನೊಂದು ನಾನು. ಕಾರ್ಬನ್ ಕೋಲು ಬಿರುಸು. ಅದನ್ನು ಮೊಳೆ ಹೊಡೆಯುವ ಹಾಗೆ ಚಿಕ್ಕದಾಗಿ, ಚುರುಕಾಗಿ ಬೀಸಿ ಗಕ್ಕನೆ ನಿಲ್ಲಿಸಬೇಕು. ನನ್ನನ್ನು ತೊಟ್ಟಿಲು ತೂಗುವ ಹಾಗೆ ನಿಧಾನವಾಗಿ ಎತ್ತಿ, ಕೈಯನ್ನು ದೂರದವರೆಗೆ ಕೊಂಡೊಯ್ದು, ಹಿಂದೆ ಕಾಯಬೇಕು. ಒಂದರ ರೂಢಿಯನ್ನು ಇನ್ನೊಂದರ ಮೇಲೆ ಹೇರಿದರೆ ಎರಡೂ ಕೈಕೊಡುತ್ತವೆ. ಆ ಹೊತ್ತಿಗೆ ಊರಿನಲ್ಲಿ ಎಲ್ಲರೂ ಕಲಿಯುತ್ತಿದ್ದದ್ದು ಕಾರ್ಬನ್ ಕೋಲಿನಲ್ಲೇ.

ಒಂದು ವರ್ಷ ಕಾರ್ಬನ್ ಕೋಲಿನ ರೀಲು ಸಿಕ್ಕಿಕೊಂಡು, ಪರೀಕ್ಷೆಗೆ ಬಂದ ಬ್ಯಾಂಕ್ ಮ್ಯಾನೇಜರನಿಗೆ ನನ್ನನ್ನು ಕೊಟ್ಟರು. ಪಾಪದವನು, ಕೈ ಚೆನ್ನಾಗಿಯೇ ಇತ್ತು. ಆದರೆ ಮೊಳೆ ಹೊಡೆದ. ದಾರ ಅವನ ಟೋಪಿಯ ಮೇಲೆ ಗುಡ್ಡೆಯಾಯಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕ್ಲಬ್ಬಿನ ಕಾರ್ಯದರ್ಶಿ ನಂಜಪ್ಪ ಒಬ್ಬನೇ ನಗಲಿಲ್ಲ. ಅವನು ಯೋಚನೆ ಮಾಡಿದ. ನಂಜಪ್ಪನಿಗೆ ಬೀಸಲು ಬರದಿದ್ದರೂ ಇಂಥದ್ದು ಬೇಗ ಹೊಳೆಯುತ್ತಿತ್ತು.

ಅಂದಿನಿಂದ ಬೇಕಾದವರಿಗೆ ಕಾರ್ಬನ್ ಕೋಲು, ಬೇಡದವರಿಗೆ ನಾನು. ಕ್ಲಬ್ಬಿನವರ ಅಳಿಯಂದಿರು, ಷಡ್ಡಕರು, ಸೋದರಮಾವಂದಿರ ಮಕ್ಕಳು ಕಪ್ಪು ಕೋಲು ಹಿಡಿದು ಒಳಗೆ ಹೋದರು. ಹೊರಗಿನಿಂದ ಬಂದ ಹಲ್ಲಿನ ಡಾಕ್ಟರು, ಪಕ್ಕದ ಎಸ್ಟೇಟು ಕೊಂಡ ಸೇಟು, ಜಂಬದ ರೇಂಜರು ಎಲ್ಲರೂ ನನ್ನನ್ನು ಹಿಡಿದು ಮಣ್ಣು ಮುಕ್ಕಿದರು. ಒಬ್ಬನಾದರೂ ನನ್ನನ್ನು ಸ್ವಲ್ಪ ಅಲುಗಾಡಿಸಿ, ಇದು ಎಷ್ಟು ಬಗ್ಗುತ್ತದೆ ಎಂದು ನೋಡಲಿಲ್ಲ. ಕೈಗೆ ಬಂದ ಕೂಡಲೇ ಬೀಸಿದರು. ನಂಜಪ್ಪನ ಕುತಂತ್ರಕ್ಕಿಂತ ಅವರ ದಡ್ಡತನ ಕಂಡು ನನಗೆ ಹೆಚ್ಚು ಹೇಸಿಗೆಯಾಗುತ್ತಿತ್ತು. ಅಧ್ಯಕ್ಷ ಕರ್ನಲ್ ಬೆಳ್ಯಪ್ಪನಿಗೆ ಎಲ್ಲವೂ ಗೊತ್ತಿತ್ತು. ಅವನು ಗ್ಲಾಸಿನೊಳಗೆ ನೋಡಿಕೊಂಡು ಕೂತಿರುತ್ತಿದ್ದ.

ಹೀಗಿರುವಾಗ ಚೋಂದಮ್ಮ ಬಂದಳು.

ಚೋಂದಮ್ಮನ ಗಂಡ ಬಿದ್ದಪ್ಪ ಕ್ಲಬ್ಬಿನ ಸದಸ್ಯನಾಗಿದ್ದ. ಅವರ ಮನೆಯ ಹಿತ್ತಲು ನೇರವಾಗಿ ಕಾವೇರಿಗೆ ಇಳಿಯುತ್ತದೆ. ಅಲ್ಲಿ ಹೊಳೆ ತಿರುಗಿ ಒಂದು ಆಳದ ಗುಂಡಿಯಾಗಿದೆ. ಅದರಲ್ಲಿ ಬಿಳಿ ಮೀನು ಓಡಾಡುತ್ತವೆ. ಗಂಡ ಹೆಂಡತಿ ಇಬ್ಬರೂ ಸಂಜೆ ಅಲ್ಲಿ ನಿಂತು ಅವನ ಕಾರ್ಬನ್ ಕೋಲಿನಲ್ಲಿ ಗಾಳ ಹಾಕುತ್ತಿದ್ದರು, ಹಿಡಿದದ್ದನ್ನು ತಿರುಗಿ ನೀರಿಗೇ ಬಿಡುತ್ತಿದ್ದರು. ಅವಳ ಕೈ ಗಂಡನ ಕೈಗಿಂತ ಚೆನ್ನಾಗಿತ್ತು ಎಂದು ಬಿದ್ದಪ್ಪನೇ ಹೇಳಿಕೊಂಡು ತಿರುಗುತ್ತಿದ್ದ. ಒಂದು ದಿನ ಅವನು ಎದೆನೋವು ಎಂದವನು ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ತಿಥಿ ಮುಗಿದು ಸ್ವಲ್ಪ ದಿನಕ್ಕೆ ಕ್ಲಬ್ಬಿನವರು ಬಂದು ಅವಳ ಹಿತ್ತಲಿನ ಹಲಸಿನ ಮರಕ್ಕೆ ಒಂದು ಬೋರ್ಡು ಹೊಡೆದರು. ಸದಸ್ಯರಲ್ಲದವರು ಗಾಳ ಹಾಕಬಾರದು ಎಂದು ಅದರಲ್ಲಿ ಬರೆದಿತ್ತು. ಅವಳ ಮರಕ್ಕೆ, ಅವಳ ಅಡುಗೆಮನೆಯ ಕಿಟಕಿಗೆ ಕಾಣುವ ಹಾಗೆ.

ಅವಳು ಕ್ಲಬ್ಬಿಗೆ ಬಂದು ಕರ್ನಲನ ಮುಂದೆ ನಿಂತಳು. ಅವರು ತಮ್ಮೊಳಗೆ ಆಡುವುದು ಕೊಡವ ತಕ್ಕಿನಲ್ಲಿ. ನಿಮಗಾಗಿ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಬೆಳ್ಯಪ್ಪ ಮಾವ, ನನ್ನ ಹಿತ್ತಲಿನ ನೀರಿನಲ್ಲಿ ನಾನು ಕಳ್ಳಿಯ ಹಾಗೆ ನಿಲ್ಲಬೇಕಾ? ನನಗೆ ಬೇರೆ ಎಂತದೂ ಬೇಡ, ಆ ಗುಂಡಿಯ ಹತ್ತಿರ ನಿಲ್ಲಲಿಕ್ಕೆ ಬಿಡಿ."

"ಹೆಂಗಸರು ಸದಸ್ಯರಾದದ್ದು ಇಲ್ಲವಲ್ಲ ಚೋಂದಮ್ಮ" ಎಂದ ಕರ್ನಲ್.

"ಆಗಬಾರದು ಅಂತ ಉಂಟಾ?"

ಹಾಗೆಂದು ಎಲ್ಲಿಯೂ ಇರಲಿಲ್ಲ. ಅಂಥ ಪ್ರಶ್ನೆ ಬರುತ್ತದೆ ಎಂದು ನಿಯಮ ಮಾಡಿದವರಿಗೆ ಹೊಳೆದಿರಲಿಲ್ಲ. ನಂಜಪ್ಪ ಬೆಣ್ಣೆಯಂಥ ದನಿಯಲ್ಲಿ, "ಪರೀಕ್ಷೆಗೆ ಬನ್ನಿ ಅಕ್ಕ. ಪಾಸಾದರೆ ಯಾರು ಬೇಡ ಅಂತಾರೆ?" ಎಂದ. ನನಗೆ ಮುಂದಿನದು ಗೊತ್ತಾಯಿತು.

ಆ ವರ್ಷದ ಹಬ್ಬದಲ್ಲಿ ಅವಳ ಕೈಗೆ ನನ್ನನ್ನು ಕೊಟ್ಟರು. ಇವಳಾದರೂ ಒಂದು ಸಲ ಅಲುಗಾಡಿಸಿ ನೋಡುತ್ತಾಳೇನೋ ಎಂದು ಆಸೆಪಟ್ಟೆ. ನೋಡಲಿಲ್ಲ. ಗಂಡನ ಕೋಲಿನ ಗತ್ತಿನಲ್ಲೇ ಟಪ್ಪೆಂದು ಬೀಸಿದಳು. ಮೊದಲ ಸಲ ಮುದ್ದೆ. ಎರಡನೆಯ ಸಲ ಅವಸರಕ್ಕೆ ದಾರ ಚಾಟಿಯ ಹಾಗೆ ಛಟ್ ಎಂದು ಸಿಡಿದು ಫ್ಲೈ ಕಿತ್ತು ಹೋಯಿತು. ಮೂರನೆಯದು ಮೊರದ ದಾರಿಯಲ್ಲೇ ಇರಲಿಲ್ಲ. ಗಂಡಸರು ಕೆಮ್ಮಿದರು. ಅವಳು ಮುಖ ಕೆಂಪಗೆ ಮಾಡಿಕೊಂಡು ನನ್ನನ್ನು ಹುಲ್ಲಿನ ಮೇಲೆ ಹಾಕಿದಳು.

"ಇದು ಕೋಲಲ್ಲ ಮಾವ, ಬೆಂದ ಬಸಳೆ ದಂಟು" ಎಂದಳು.

ನನಗೆ ಎಷ್ಟು ಸಿಟ್ಟು ಬಂತೆಂದರೆ ಅವಳ ವೈಧವ್ಯವೂ ನನಗೆ ಮರೆತುಹೋಯಿತು. ಎಲ್ಲರ ಸಾಲಿಗೆ ಇವಳೂ ಒಬ್ಬಳು ಎಂದು ಅವಳನ್ನು ಕೈಬಿಟ್ಟೆ.

ಕ್ಲಬ್ಬಿನವರು ತಪ್ಪು ಮಾಡಿದ್ದು ಮರುವರ್ಷ. ಅದು ಅವರು ಮಾತ್ರ ಮಾಡಬಹುದಾದ ತಪ್ಪು. ಕ್ಲಬ್ಬಿನ ಹೆಂಚು ಸೋರುವುದರಿಂದ ಮಳೆಗಾಲ ಶುರುವಾದ ಕೂಡಲೇ ಅಲ್ಲಿಯ ಎರಡೂ ಕೋಲುಗಳನ್ನು ಬಿದ್ದಪ್ಪನ ಮನೆಯ ಕನ್ನಿಕೊಂಬರೆಗೆ ಕಳಿಸುವುದು ಅವನ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಬಿದ್ದಪ್ಪ ಸತ್ತ ವರ್ಷವೂ ಕಳಿಸಿದ್ದರು. ಈ ವರ್ಷವೂ ಕಳಿಸಿದರು. ತಾವು ಯಾರಿಗೆ ಬಲೆ ಹಾಸಿದ್ದೇವೋ ಅವಳ ಮನೆಯಲ್ಲೇ ಬಲೆಯನ್ನು ಒಣಗಿಸಲು ಕೊಡುತ್ತಿದ್ದೇವೆ ಎಂಬುದು ಒಬ್ಬನಿಗೂ ತೋಚಲಿಲ್ಲ. ಕನ್ನಿಕೊಂಬರೆಯಲ್ಲಿ ಇಟ್ಟದ್ದನ್ನು ಹಬ್ಬಕ್ಕೆ ಮೊದಲು ಮುಟ್ಟುವ ಕೊಡವತಿ ಇನ್ನೂ ಹುಟ್ಟಿಲ್ಲ ಎಂದು ಅವರ ನಂಬಿಕೆ.

ಹಿಂದಿನ ವರ್ಷ ಅವಳು ನಮ್ಮ ಮುಂದೆ ದೀಪ ಹಚ್ಚಿ, ಕೈಮುಗಿದು ಹೋಗಿದ್ದಳು. ಈ ವರ್ಷ ದೀಪ ಹಚ್ಚಿದ ಮೇಲೆ ಹೋಗಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡುತ್ತಾ ನಿಂತಳು. ಅವಳಿಗೆ ನಿಜವಾಗಿಯೂ ಭಯವಾಗಿತ್ತು. ಕೊನೆಗೆ ದೀಪದ ಕಡೆ ತಿರುಗಿ, "ಕಾರೋಣರೇ, ಇದು ಕೋವಿಯಲ್ಲ, ಬರೀ ಬಿದಿರು. ಸಿಟ್ಟಾಗಬೇಡಿ" ಎಂದು ಮನೆತನದ ಹಿರಿಯರಿಗೆ ಹೇಳಿ, ನನ್ನನ್ನು ಎತ್ತಿಕೊಂಡು ಹೊರಗೆ ಬಂದಳು.

ಮಳೆ ಬಿಟ್ಟಿತ್ತು. ಹಿತ್ತಲಿನ ಹುಲ್ಲಿನ ಮೇಲೆ ನಿಂತು ಬೀಸಿದಳು. ಅದೇ ಗತ್ತು, ಅದೇ ಮುದ್ದೆ. ನಾನು ಒಳಗೊಳಗೇ ನಕ್ಕೆ. ನಾಲ್ಕು ದಿನ ಹೀಗೆಯೇ ನಡೆಯಿತು. ಮೆಲ್ಲಗೆ ಬೀಸಿ ನೋಡಿದಳು, ಆದರೆ ಬೇಗನೆ ಮುಂದಕ್ಕೆ ತಂದಳು. ಕಾದು ನೋಡಿದಳು, ಆದರೆ ಜೋರಾಗಿ ಎತ್ತಿದಳು. ಒಂದು ದಿನ ಹಿಂದಕ್ಕೆ ಬೀಸಿ, ಬೇಸರಕ್ಕೆ ಕೈಯನ್ನು ಹಾಗೆಯೇ ನಿಲ್ಲಿಸಿ, ತಲೆ ತಿರುಗಿಸಿ ಬೆನ್ನ ಹಿಂದೆ ನೋಡಿದಳು. ಅಷ್ಟು ವರ್ಷಗಳಲ್ಲಿ ಹಿಂದಕ್ಕೆ ತಿರುಗಿ ನೋಡಿದ ಮೊದಲಿಗಳು ಅವಳೇ. ದಾರ ಇನ್ನೂ ಅರ್ಧವಷ್ಟೇ ಬಿಚ್ಚಿಕೊಂಡಿತ್ತು. ತಾನು ಯಾವಾಗಲೂ ಮುಂದಕ್ಕೆ ಎಳೆಯುತ್ತಿದ್ದ ಹೊತ್ತು ಅದಾಗಲೇ ಕಳೆದುಹೋಗಿತ್ತು. ದಾರ ಮಾತ್ರ ಇನ್ನೂ ಆರಾಮವಾಗಿ ಹಿಂದಕ್ಕೆ ಹೋಗುತ್ತಲೇ ಇತ್ತು.

"ಓ, ನೀನು ಹೀಗಾ?" ಎಂದಳು ನನಗೆ.

ಆಮೇಲೆ ದಿನವೂ ಕುತ್ತಿಗೆ ತಿರುಗಿಸಿ ದಾರವನ್ನು ನೋಡುತ್ತಲೇ ಬೀಸಿದಳು. ಹಿಡಿತ ಸಡಿಲ ಮಾಡಿದಳು. ಮೊದಲು ಮೆಲ್ಲಗೆ ಎತ್ತಿ, ಹೋಗುತ್ತಾ ಹೋಗುತ್ತಾ ವೇಗ ಕೊಟ್ಟು, ಆಮೇಲೆ ನಿಂತಳು. ಕೈ ಮೊದಲಿಗಿಂತ ದೂರ ಹೋಗತೊಡಗಿತು. ಒಂದು ಸಂಜೆ ಹಿಂದೆ ದಾರ ನೆಟ್ಟಗೆ ಚಾಚಿಕೊಂಡು ನನ್ನನ್ನು ಹಿಡಿಯವರೆಗೆ ಎಳೆಯಿತು. ನಾನು ಪೂರ್ತಿ ಬಗ್ಗಿದೆ. ಲಾದ್ರು ನನ್ನನ್ನು ಯಾತಕ್ಕೆ ಹಾಗೆ ಮಾಡಿದ ಎಂದು ನನಗೇ ಆವತ್ತು ಗೊತ್ತಾಯಿತು. ದಾರ ಮುಂದೆ ಹೋಗಿ ಹುಲ್ಲಿನ ಮೇಲೆ ಸದ್ದಿಲ್ಲದೆ ಮಲಗಿತು. ನನಗೆ ಬಹಳ ಸಂತೋಷವಾಯಿತು. ಇದನ್ನು ಹೇಳಲು ನಾಚಿಕೆಯಿಲ್ಲ. ಆದರೆ ಇಷ್ಟು ಕಾಲ ಬೈದುಕೊಂಡೇ ಬದುಕಿದವನಿಗೆ ಸಂತೋಷವನ್ನು ಹೇಗೆ ಹೇಳಬೇಕೆಂದು ಸರಿಯಾಗಿ ಬರುವುದಿಲ್ಲ.

ಹಬ್ಬ ಬಂತು. ತೋಕ್ ಪೂ ಮುಡಿಸಿದರು, ಪೂಜೆಯಾಯಿತು. ಅವಳು ಮತ್ತೆ ಪರೀಕ್ಷೆಗೆ ಬಂದು ನಿಂತಳು. ನಂಜಪ್ಪ ನಗುನಗುತ್ತಾ ನನ್ನನ್ನು ಅವಳ ಕೈಗೆ ಕೊಟ್ಟ. ಗಂಡಸರು ಕುರ್ಚಿ ಎಳೆದುಕೊಂಡು ತಮಾಷೆ ನೋಡಲು ಕೂತರು. ಅವಳು ಮೊರದ ಕಡೆ ಒಂದು ಸಲ ನೋಡಿದಳು, ಆಮೇಲೆ ಬೆನ್ನ ಹಿಂದೆ ನೋಡಿದಳು. ಕಾದಳು. ಎಷ್ಟು ಕಾದಳೆಂದರೆ ಯಾರೋ, "ಕೈ ಹಿಡಿದುಕೊಂಡಿತಾ?" ಎಂದ. ದಾರ ಕೆರೆಯ ಮೇಲೆ ಹಾಸಿಕೊಂಡು ಫ್ಲೈ ಮೊರದ ನಡುವೆ ಇಳಿಯಿತು. ಮೊದಲನೆಯ ಬೀಸಿಗೇ.

ಮೊದಲು ಚೇತರಿಸಿಕೊಂಡವನು ನಂಜಪ್ಪ. ಅಂಥವರು ಬಿದ್ದರೂ ಮೀಸೆ ಮಣ್ಣಾಗುವುದಿಲ್ಲ.

"ಇದನ್ನು ನೀವು ಮೊದಲೇ ಮುಟ್ಟಿದ್ದೀರಿ ಅಕ್ಕ" ಎಂದ.

"ಹೌದು, ಮುಟ್ಟಿದ್ದೇನೆ."

"ಕನ್ನಿಕೊಂಬರೆಯಲ್ಲಿ ಇಟ್ಟದ್ದನ್ನು? ಕೈಲ್ ಮುಹೂರ್ತಕ್ಕೆ ಮೊದಲು? ಕೇಳಿದಿರಾ ಕರ್ನಲ್? ಆಯುಧ ಮುಟ್ಟಿದ್ದಾರಂತೆ. ಇದು ಪರೀಕ್ಷೆ ಅಂತ ಲೆಕ್ಕಕ್ಕೆ ಬರುವುದಿಲ್ಲ."

ಚೋಂದಮ್ಮ ನನ್ನನ್ನು ಕೆಳಗಿಡಲಿಲ್ಲ. "ಕೋಲು ಆಯುಧ ಅಂತಾದರೆ, ಕಕ್ಕಡ ತಿಂಗಳಲ್ಲಿ ಮಳೆ ಬಿಟ್ಟಾಗಲೆಲ್ಲ ನೀವು ಈ ಕೆರೆ ಏರಿ ಮೇಲೆ ಗಾಳ ಹಾಕಿದ್ದು ಎಂತದ್ದರಲ್ಲಿ ನಂಜಪ್ಪಣ್ಣ? ನಿಮ್ಮ ಕೋಲು ಕನ್ನಿಕೊಂಬರೆಯಲ್ಲಿ ಇತ್ತಾ?"

ಒಬ್ಬೊಬ್ಬನೂ ತನ್ನ ಚಪ್ಪಲಿ ನೋಡಿಕೊಂಡ. ಅವರಲ್ಲಿ ಕಕ್ಕಡದಲ್ಲಿ, ಹಬ್ಬಕ್ಕೆ ಮುಂಚಿನ ಆ ಜಡಿಮಳೆಯ ತಿಂಗಳಲ್ಲಿ, ಗಾಳ ಹಾಕದವನು ಯಾವನೂ ಇರಲಿಲ್ಲ.

ಕರ್ನಲ್ ಗ್ಲಾಸಿನಿಂದ ತಲೆಯೆತ್ತಿದ. "ಮೊರದಲ್ಲಿ ಬಿದ್ದಿದೆ ನಂಜಪ್ಪ. ಕರಿ ಆರುತ್ತದೆ, ಊಟಕ್ಕೆ ನಡಿ" ಎಂದ. ಜೀವಮಾನದಲ್ಲಿ ಅವನು ಮಾಡಿದ ಧೈರ್ಯದ ಕೆಲಸ ಅದೊಂದೇ ಇರಬೇಕು, ಅದೂ ಹಸಿವಾದದ್ದಕ್ಕೆ.

ಊಟದ ಹೊತ್ತಿಗೆ ಕಥೆ ಬದಲಾಗಿತ್ತು. ನನ್ನನ್ನು ಹಿಡಿದು ಅಷ್ಟೊಂದು ಜನ ಸೋತಾಗ ನಾನು ಸರಿಯಾದ ಕೋಲಾಗಿದ್ದೆ. ಒಬ್ಬ ಹೆಂಗಸು ಗೆದ್ದ ಕೂಡಲೇ ನಾನು ಕೆಟ್ಟುಹೋದೆ. "ಬಿದಿರಿನ ತ್ರಾಣ ಹೋಗಿದೆ, ದಾರ ತಾನಾಗಿಯೇ ಮೊರಕ್ಕೆ ಬೀಳುತ್ತದೆ. ಜೇಡರ ಬಲೆ ತೆಗೆಯಲಿಕ್ಕೆ ಇಟ್ಟುಕೊಳ್ಳುವ" ಎಂದ ನಂಜಪ್ಪ. ಚೋಂದಮ್ಮ ಎಲೆಯ ಮುಂದಿನಿಂದ ಎದ್ದು ಬಂದು, "ನಿಮಗೆ ಬೇಡವಾದರೆ ನನಗೆ ಕೊಡಿ" ಎಂದು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದಳು. ಮರುದಿನ ಹಲಸಿನ ಮರದ ಬೋರ್ಡನ್ನು ಅವಳೇ ಕಿತ್ತು ಒಲೆಗೆ ಹಾಕಿದಳು.

ಆ ಮೇಲಿನ ಎರಡು ವರ್ಷ ನನ್ನ ಬಾಳಿನಲ್ಲಿ ಒಳ್ಳೆಯ ಕಾಲ. ಸಂಜೆ ನನ್ನನ್ನು ಹಿಡಿದು ಗುಂಡಿಯ ಹತ್ತಿರ ಇಳಿಯುತ್ತಿದ್ದಳು. ಒಂದು ದಿನ ಆಸೆಯಾಗಿ ಗಂಡನ ಕಾರ್ಬನ್ ಕೋಲನ್ನೂ ತಂದಳು. ಅದನ್ನು ನನ್ನ ಹಾಗೆ ತೂಗಿದಳು. ಅದು ಬಗ್ಗಲೇ ಇಲ್ಲ, ದಾರ ಅವಳ ತಲೆಯ ಮೇಲೇ ಬಿತ್ತು. ಅವಳು ನಕ್ಕು, ಕೈಯನ್ನು ಚಿಕ್ಕದು ಮಾಡಿ, ಚುರುಕು ಮಾಡಿ, ನಾಲ್ಕೈದು ಬೀಸಿನಲ್ಲಿ ಅದನ್ನೂ ದಾರಿಗೆ ತಂದಳು. ಮತ್ತೆ ನನ್ನನ್ನು ತೆಗೆದುಕೊಂಡಾಗ ಮತ್ತೆ ನಿಧಾನವಾದಳು. ಕೋಲು ಕೇಳಿದಂತೆ ಕೈ ಬದಲಿಸಲು ಅವಳು ಕಲಿತಿದ್ದಳು. ಇಷ್ಟು ಜನರನ್ನು ಕಂಡ ಮೇಲೆ ಒಬ್ಬಳು ಸಿಕ್ಕಳಲ್ಲ ಎಂದು ಹೆಮ್ಮೆಪಟ್ಟೆ. ಅವಳನ್ನು ಬಹುವಚನದಲ್ಲಿ ಕರೆಯಬೇಕು ಎಂದೂ ಅನ್ನಿಸಿತ್ತು. ಕರೆಯದಿದ್ದದ್ದು ಒಳ್ಳೆಯದಾಯಿತು.

ಆಚೆ ದಡದ ಬಾಡಿಗೆ ಮನೆಗೆ ಪ್ರಫುಲ್ಲಾ ಎಂಬವಳು ಬಂದಳು. ಹೈಸ್ಕೂಲಿಗೆ ಬಂದ ಹೊಸ ಡ್ರಿಲ್ ಟೀಚರು, ಪುತ್ತೂರಿನವಳು. ಅಣ್ಣನ ಕಾರ್ಬನ್ ಕೋಲಿನಲ್ಲಿ ಕಲಿತಿದ್ದಳು, ಅಂಗಳದಲ್ಲಿ ಬೀಸುವುದು ನಮಗೆ ಈಚೆ ದಡಕ್ಕೆ ಕಾಣುತ್ತಿತ್ತು. ಚೆನ್ನಾಗಿಯೇ ಬೀಸುತ್ತಿದ್ದಳು. ಚೋಂದಮ್ಮ ಅದನ್ನು ಬಹಳ ಹೊತ್ತು ನೋಡುತ್ತಿದ್ದಳು. ಆಚೆ ದಡದಿಂದ ಬೀಸಿದರೂ ಫ್ಲೈ ಬಂದು ಬೀಳುವುದು ಅದೇ ಗುಂಡಿಗೆ.

ಒಂದು ಭಾನುವಾರ ಪ್ರಫುಲ್ಲಾ ಸೇತುವೆ ದಾಟಿ, ಹಪ್ಪಳದ ಕಟ್ಟು ಹಿಡಿದುಕೊಂಡು ಮನೆಗೆ ಬಂದಳು.

"ಅಕ್ಕಾ, ನೀವು ಕ್ಲಬ್ಬಿನಲ್ಲಿ ಇದ್ದೀರಂತೆ. ಹೆಂಗಸರನ್ನು ಸೇರಿಸಿಕೊಳ್ಳುತ್ತಾರೆ ಅಂತ ನಿಮ್ಮಿಂದಲೇ ಗೊತ್ತಾದದ್ದು. ನಾನೂ ಪರೀಕ್ಷೆಗೆ ಬರ್ಲಾ? ಶಾಲೆ ಬಿಟ್ಟ ಮೇಲೆ ಒಂದು ಗಳಿಗೆ ನೀರಿನ ಹತ್ತಿರ ನಿಂತರೆ ಸಾಕು ನನಗೆ."

"ಬಾ, ಅದಕ್ಕೆಂತ" ಎಂದು ಚೋಂದಮ್ಮ ಕಾಫಿ ಕೊಟ್ಟಳು. ಬೆಲ್ಲ ಹಾಕಿದ ಕರಿಕಾಫಿ, ಜೊತೆಗೆ ಬಾಳೆಹಣ್ಣು.

ಹಬ್ಬದ ಬೆಳಿಗ್ಗೆ ಅವಳು ಕನ್ನಿಕೊಂಬರೆಗೆ ಬಂದು ನನ್ನನ್ನು ಎತ್ತಿಕೊಂಡಳು. ಬಟ್ಟೆಗೆ ಎಣ್ಣೆ ಮುಟ್ಟಿಸಿ ಹಿಡಿಯಿಂದ ತುದಿಯವರೆಗೆ ಒರೆಸಿದಳು. ತೋಕ್ ಪೂ ಕಟ್ಟಿದಳು. ಹಬ್ಬದ ದಿನ ಮೊದಲು ಹೊಳೆಗೆ ಹೋಗೋಣ ಎಂದುಕೊಂಡಿದ್ದಾಳೆ ಎಂದು ನಾನು ಹಿಗ್ಗಿದೆ. ಜೀಪು ಹೊಳೆಯ ಕಡೆ ತಿರುಗಲಿಲ್ಲ, ಕ್ಲಬ್ಬಿನ ಕಡೆ ತಿರುಗಿತು.

ನಂಜಪ್ಪ ಕಾರ್ಬನ್ ಕೋಲನ್ನು ಹಿಡಿದುಕೊಂಡು ನಿಂತಿದ್ದ. ಈಗ ಬೇರೆ ಕೋಲು ಇರಲಿಲ್ಲವಲ್ಲ, ಮುಖ ಬಾಡಿಸಿಕೊಂಡಿದ್ದ. ಚೋಂದಮ್ಮ ನನ್ನನ್ನು ಅವನ ಮುಂದೆ ಚಾಚಿದಳು.

"ಅದು ಬೇಡ ನಂಜಪ್ಪಣ್ಣ. ಆ ಹುಡುಗಿಗೆ ಇದನ್ನು ಕೊಡಿ."

ನಂಜಪ್ಪ ಅವಳ ಮುಖ ನೋಡಿದ. ಅರ್ಥವಾಯಿತು. ತನ್ನ ಪಕ್ಕಕ್ಕೆ ಒಂದು ಕುರ್ಚಿ ಎಳೆದು, ಅದರ ಧೂಳು ಒರೆಸಿ ಅವಳಿಗೆ ಕೊಟ್ಟ. ಅವಳು ಕೂತಳು.

ಪ್ರಫುಲ್ಲಾ ನನ್ನನ್ನು ತೆಗೆದುಕೊಂಡಳು. ಬೇರೆಯವರ ಹಾಗೆ ಕೂಡಲೇ ಬೀಸಲಿಲ್ಲ. ಒಂದು ಸಲ ಅಲುಗಾಡಿಸಿದಳು. ನನ್ನ ತುದಿ ತೂಗುವುದನ್ನು ಕಂಡು ಹುಬ್ಬು ಗಂಟು ಹಾಕಿದಳು. ಮತ್ತೊಂದು ಸಲ ಅಲುಗಾಡಿಸಿದಳು. ಆಮೇಲೆ, ಕೇಳಿದರೆ ಹೇಳುವವರು ಇದ್ದಾರೆ ಎಂಬ ನಂಬಿಕೆಯಲ್ಲಿ ಕುರ್ಚಿಗಳ ಕಡೆ ತಿರುಗಿದಳು.

"ಅಕ್ಕಾ, ಇದು ತುಂಬಾ ಮೆದು ಉಂಟಲ್ಲ. ಇದನ್ನು ಬೇರೆ ರೀತಿ ಬೀಸಬೇಕಾ?"

ಚೋಂದಮ್ಮ ಕೆರೆಯ ಕಡೆ ನೋಡಿದಳು.

"ಎಲ್ಲ ಕೋಲೂ ಒಂದೇ. ಬೀಸು" ಎಂದಳು.

ಪ್ರಫುಲ್ಲಾ ಅಕ್ಕನ ಮಾತನ್ನು ನಂಬಿ ಮೊಳೆ ಹೊಡೆದಳು. ಮೂರು ಸಲವೂ ದಾರ ಅವಳ ಕಾಲ ಬುಡದಲ್ಲೇ ಬಿತ್ತು. ನಾನು ಏನು ಮಾಡಲು ಸಾಧ್ಯ? ಕೈ ಹೇಳಿದಂತೆ ಬಗ್ಗುವುದೊಂದೇ ನನಗೆ ಬರುವುದು. ಅವಳು ಯಾರನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ದಾರದ ಗಂಟುಗಳನ್ನು ನಿಧಾನವಾಗಿ ಬಿಡಿಸಿ, ರೀಲಿಗೆ ಸುತ್ತಿ, ಕೊಕ್ಕೆಯನ್ನು ಜೋಪಾನವಾಗಿ ಹಿಡಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು ಚೋಂದಮ್ಮನಿಗೆ ತಿರುಗಿ ಕೊಟ್ಟಳು.

ಈಗ ನನಗೆ ವಯಸ್ಸಾಗಿದೆ. ವಾರ್ನಿಶ್ ಬಿರಿದಿದೆ, ತುದಿ ಒಂದು ಕಡೆಗೆ ವಾಲಿಕೊಂಡಿದೆ. ಕನ್ನಿಕೊಂಬರೆಯ ಮೂಲೆಯಲ್ಲಿ ನಿಂತಿದ್ದೇನೆ. ಕೋಣೆಗೆ ಈಗ ಬೀಗ ಇದೆ, ಕೀಲಿಕೈ ಚೋಂದಮ್ಮನ ಸೊಂಟದಲ್ಲಿದೆ. ಮಳೆಗಾಲ ಮುಗಿದ ಮೇಲೆ ಸಂಜೆ ಹೊತ್ತು ಅವಳು ಬೀಗ ತೆಗೆದು ನನ್ನನ್ನು ಈಗಲೂ ಗುಂಡಿಗೆ ಕರೆದುಕೊಂಡು ಹೋಗುತ್ತಾಳೆ. ಬೆನ್ನ ಹಿಂದೆ ನೋಡಿ, ಕಾದು, ಮೊದಲಿಗಿಂತ ಚೆನ್ನಾಗಿ ಬೀಸುತ್ತಾಳೆ. ನಾನೂ ಚೆನ್ನಾಗಿಯೇ ಬಗ್ಗುತ್ತೇನೆ. ಆಚೆ ದಡದಲ್ಲಿ ಪ್ರಫುಲ್ಲಾ ಅಂಗಳದ ಹುಲ್ಲಿನ ಮೇಲೆ ಬೀಸುತ್ತಿರುತ್ತಾಳೆ, ನೀರಿಗೆ ಇಳಿಯುವುದಿಲ್ಲ. ಒಮ್ಮೊಮ್ಮೆ ಚೋಂದಮ್ಮನನ್ನು ನೋಡಿ ಕೈಯೆತ್ತುತ್ತಾಳೆ.

ಪೂಣಚ್ಚ, ಹಲ್ಲಿನ ಡಾಕ್ಟರು, ಸೇಟು, ರೇಂಜರು ಎಲ್ಲರನ್ನೂ ನಾನು ಜೀವನವಿಡೀ ತಾತ್ಸಾರ ಮಾಡಿದೆ. ಅವರಿಗೆ ನಾನು ಎಂಥ ಕೋಲೆಂದು ಗೊತ್ತಿರಲಿಲ್ಲ. ಚೋಂದಮ್ಮನಿಗೆ ಗೊತ್ತಿತ್ತು.